ರಾಗಿ ವಾಡೆ, ಒಲೆ ಮುಂದ್ಲ ಜಾಗ, ಮತ್ತೆ ನಮ್ಮ ಫೋನು

"ಮೆಮೊರಿ ಫುಲ್ಲಾಗದೆ, ಸಾಫ್ಟ್‌ವೇರ್ ಹಾಕ್ಸಬೇಕು" ಅಂತ ಅಂಗಡಿ ಹುಡುಗ್ರು ಅಂದೇಟ್ಗೆ ಫೋನ್ ತಗ್ದು ಕೈಗೆ ಕೊಟ್ಬುಡ್ತೀವಲ್ಲ, ಅದು ನಂಗೆ ಸರಿ ಕಾಣಕಿಲ್ಲ ಕಣ್ರವ್ವ. ಯಾವ ಮೆಮೊರಿ ಅಂತ ಮೊದ್ಲು ಕೇಳಿ.

ಸ್ಟೋರೇಜು ಅಂದ್ರೆ ರಾಗಿ ವಾಡೆ ಇದ್ದಂಗೆ. ಫೋಟೊ, ವಾಟ್ಸಾಪು, ಆಪು ಎಲ್ಲಾ ಅಲ್ಲೇ ತುಂಬಿರ್ತವೆ, ಫೋನ್ ಆಫ್ ಮಾಡಿದ್ರೂ ಓಗಕಿಲ್ಲ. ರ‍್ಯಾಮು ಒಲೆ ಮುಂದ್ಲ ಜಾಗ. ಈಗ ಬೇಯ್ತಾ ಇರೋದಷ್ಟೇ ಅಲ್ಲಿರ್ತದೆ, ಆಫ್ ಮಾಡಿದ್ರೆ ಖಾಲಿ. ಫೋಟೊ ತಗ್ಯಕ್ಕೆ ಜಾಗ ಇಲ್ಲ ಅಂದ್ರೆ ವಾಡೆ ತುಂಬದೆ. ಫೋಟೊ ಅಳಿಸಿದ್ರೆ ವಾಡೇಲಿ ಜಾಗ ಆಯ್ತದೆ, ರ‍್ಯಾಮು ಒಂದ್ ಚೂರೂ ಎಚ್ಚಾಗಕಿಲ್ಲ. ರ‍್ಯಾಮ್ ಎಚ್ಚು ಮಾಡೋ ಸೆಟ್ಟಿಂಗ್ ಕೆಲವು ಫೋನಲ್ಲಿ ಐತಲ್ಲ, ಅದೂ ವಾಡೆಯಿಂದ್ಲೇ ವಸಿ ಜಾಗ ಕಡ ಈಸ್ಕೊಳ್ಳೋದು.

32 ಜಿಬಿ ಫೋನು ಅಂದ್ರೆ ಅಷ್ಟೂ ನಮಗಲ್ಲ. ಆಂಡ್ರಾಯ್ಡು ತನ್ನ ಪಾಲು ಇಡ್ಕಂಡಿರ್ತದೆ. ಅದಕ್ಕೂ ನಮ್ಮ ಪಾಲಿಗೂ ಮಧ್ಯ ಗೋಡೆ. ಕಸ್ಟಮ್ ರಾಮ್ ಹಾಕೋದು ಅಂದ್ರೆ ಆ ಆಂಡ್ರಾಯ್ಡ್ ಪಾಲನ್ನ ಬದಲಾಯ್ಸೋದು. (ಅದು ರ‍್ಯಾಮು, ಇದು ರಾಮು, ಎಸ್ರಿಟ್ಟೋರಿಗೆ ಏನನ್ನಬೇಕೋ!) 2016ರ ಕೊನೇಲಿ ಸುರುವಾದ ಲಿನಿಯೇಜ್ ಓಎಸ್ ಅಂಥದ್ದೇ, ಕಾಸಿಲ್ದೆ ಸಿಗ್ತದೆ. ಆದ್ರೆ ಅದರಿಂದ 32 ಇದ್ದದ್ದು 64 ಆಗಕಿಲ್ಲ. ಮೇಲಾಗಿ, ಹಾಕಬೇಕಾದ್ರೆ ಬೂಟ್‌ಲೋಡರ್ ಬೀಗ ತಗೀಬೇಕು, ತಗ್ದೇಟ್ಗೆ ನಮ್ಮ ಪಾಲು ಪೂರಾ ಅಳಿಸಿ ಓಯ್ತದೆ. ಕದ್ದೋನು ಬೀಗ ತಗ್ದು ನಮ್ಮ ಗುಟ್ಟು ನೋಡಬಾರ್ದು ಅಂತ ಬೇಕಂತ್ಲೇ ಅಂಗೆ ಮಾಡವ್ರೆ. 2019ರ ಆಂಡ್ರಾಯ್ಡ್ 10 ಆದ್ಮೇಲೆ ಬಂದ ಫೋನಲ್ಲಿ ಎಲ್ಲಾನೂ ಗುಪ್ತಲಿಪೀಲಿ ಇರ್ತದೆ. ಅದ್ರ ಬೀಗದ ಕೈ ಅಳಿಸಿದ್ಮೇಲೆ ಯಾರ ಕೈಲೂ ವಾಪಸ್ ತರಕ್ಕಾಗಕಿಲ್ಲ.

ಮಳವಳ್ಳಿ ಕಡೆ ನಮ್ಮ ನೆಂಟ್ರೊಬ್ರಿಗೆ ಇದೇ ಆಯ್ತು. ಫೋನೇನೋ ಚುರುಕಾಯ್ತು, ತೀರ‍್ಕಂಡ ಅವ್ವನ ವಾಯ್ಸ್ ಮೆಸೇಜು ಓಯ್ತು. ಅಂಗಡೀಲಿ ಒಂದ್ ಮಾತು ಕೇಳಿರ‍್ನಿಲ್ಲ.

ಕಸ್ಟಮ್ ರಾಮೇ ಬ್ಯಾಡ ಅನ್ನಕಿಲ್ಲ ನಾನು. ಕಂಪ್ನಿಯೋರು ಅಪ್‌ಡೇಟ್ ನಿಲ್ಸಿರೋ ಹಳೇ ಫೋನು ಮೂಲೇಲಿ ಬಿದ್ದಿದ್ರೆ ಹಾಕ್ಸಿ, ಮಕ್ಕಳ ಓದಿಗಾಯ್ತದೆ. ದುಡ್ಡು ಕಳ್ಸೋ ಫೋನಿಗೆ ಮಾತ್ರ ಬ್ಯಾಡ. ಎಷ್ಟೋ ಬ್ಯಾಂಕ್ ಆಪು ಅದ್ರಲ್ಲಿ ತೆಕ್ಕೊಳ್ಳೋದೇ ಇಲ್ಲ. ಮೊದ್ಲು ಆ ಗುಡ್ ಮಾರ್ನಿಂಗ್ ವಿಡಿಯೊ ಅಳ್ಸಿ ನೋಡಿ, ಅರ್ಧ ವಾಡೆ ಅದೇ ತುಂಬಿರ್ತದೆ.

ಕೊಡಲೇಬೇಕು ಅಂದ್ರೆ ಫೋಟೊ ಕಂಪ್ಯೂಟರಿಗೆ ಹಾಕುಸ್ಕಳಿ, ವಾಟ್ಸಾಪ್ ಬ್ಯಾಕಪ್ ಬೇರೆ ಮಾಡಿ. 2024ರಿಂದ ಅದು ಗೂಗಲ್‌ನೋರು ಬಿಟ್ಟಿ ಕೊಡೋ 15 ಜಿಬಿ ಒಳಗೇ ಲೆಕ್ಕ, ಜಾಗ ಐತಾ ನೋಡ್ಕಳಿ. ಮೆಮೊರಿ ಕಾರ್ಡ್ ತಗ್ದು ಮನೇಲಿಟ್ಟು ಓಗಿ. ಆ ಕಾರ್ಡನ್ನ ಇಂಟರ್ನಲ್ ಸ್ಟೋರೇಜಿಗೆ ಸೇರ‍್ಸಿದ್ರೆ ಮಾತ್ರ ಆಮೇಲೆ ಓದಕ್ಕಾಗಕಿಲ್ಲ, ಅದ್ರಲ್ಲಿರೋದ್ನೂ ಮೊದ್ಲೇ ಕಾಪಿ ಮಾಡ್ಕಳಿ.