ಮಕ್ಕಳಿಗೆ ಯಾವ ಚರಿತ್ರೆ ಪುಸ್ತಕ?

ಮಣಲಿಯಂಥ ಕಡೆ ನೆಲೆಸಿದ ಕನ್ನಡ ಕ್ಯಾಥೊಲಿಕ್ ಮಕ್ಕಳಿಗೆ ಇಲ್ಲಿನ ಶಾಲೆಗಳಲ್ಲಿ ಕೆನರಾ, ಮೈಸೂರಿನ ಕ್ರೈಸ್ತರ ಚರಿತ್ರೆ ಸಿಗುವುದು ಅಪರೂಪ. ಮನೆಯಲ್ಲೇ ಕಲಿಸಬೇಕು. ಪುಸ್ತಕ ಆರಿಸುವುದು ಹೇಗೆ?

ಮೊದಲ ಪುಟಗಳಲ್ಲಿ ಧರ್ಮಾಧ್ಯಕ್ಷರ ಅನುಮತಿ, ಅಂದರೆ 'ಇಂಪ್ರಿಮಾತುರ್' ಇದ್ದರೆ ಸಾಕೆಂದು ಹಲವರು ಭಾವಿಸುತ್ತಾರೆ. ಧರ್ಮೋಪದೇಶದ ಪುಸ್ತಕಕ್ಕೆ ಅದು ಬೇಕೇ ಬೇಕು. ಆದರೆ ಅದು ಹೇಳುವುದು ವಿಶ್ವಾಸಕ್ಕೆ ವಿರುದ್ಧವಾದದ್ದು ಪುಸ್ತಕದಲ್ಲಿ ಇಲ್ಲವೆಂದು ಮಾತ್ರ. ಇಸವಿ, ಅಂಕಿಗಳು ಸರಿಯೆಂದಲ್ಲ.

1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ ಪ್ರಸಂಗವನ್ನೇ ನೋಡಿ. ಸೆರೆಯಾದವರು 30,000 ಎನ್ನುವವರಿದ್ದಾರೆ, 80,000 ಎನ್ನುವವರೂ ಇದ್ದಾರೆ. ಅದು ಯಾರ ಲೆಕ್ಕವೆಂದು ತಿಳಿಸುವ ಪುಸ್ತಕವನ್ನೇ ಕೊಳ್ಳಿ. 1799ರಲ್ಲಿ ಬಿಡುಗಡೆಯಾದವರು ಊರಿಗೆ ಮರಳಿ ಬದುಕು ಕಟ್ಟಿಕೊಂಡದ್ದೂ ಅದರಲ್ಲಿರಬೇಕು. ಸೆರೆಯಲ್ಲೇ ಕಥೆ ಮುಗಿಸಿದರೆ ಮಕ್ಕಳ ಮನಸ್ಸಿನಲ್ಲಿ ದ್ವೇಷವಷ್ಟೇ ಉಳಿದೀತು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಹೆಸರಿದೆಯೇ, ಅದನ್ನೂ ನೋಡಿ.

ಕನ್ನಡ ಓದಲು ಬಾರದ ಮಕ್ಕಳಿಗೆ ಅಪ್ಪ ಅಮ್ಮ ಗಟ್ಟಿಯಾಗಿ ಓದಿ ಹೇಳಲಿ. ಕನ್ನಡ ಸಂಘಗಳು ತಮ್ಮ ಪುಸ್ತಕದ ಕಪಾಟಿನಲ್ಲಿ ಇಂಥವಕ್ಕೂ ಒಂದು ಸಾಲು ಬಿಡಬಹುದಲ್ಲ?