ಟೂರ್ ದುಡ್ಡು ಉಳಿಸೋಕೆ ಕುಕ್ಕರ್ ಯಾಕೆ ಹೊರಬೇಕು?

ಈ ಸಲದ ಬರಹ ಸ್ವಲ್ಪ ಖಾರ ಇರತ್ತೆ, ಮೊದಲೇ ಹೇಳ್ಬಿಡ್ತೀನಿ. ಬೈಯೋರು ಬೈಯಿರಿ, ಆದ್ರೆ ಪೂರ್ತಿ ಓದಿ ಬೈಯಿರಿ.

ಮಕ್ಕಳ ಪರೀಕ್ಷೆ ಮುಗೀತಿದ್ದ ಹಾಗೇ ನಮ್ಮ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಮನೆಮನೇಲೂ ಒಂದು ಮೀಟಿಂಗ್ ನಡೆಯತ್ತೆ. ಈ ಸಲ ಎಲ್ಲಿಗೆ ಹೋಗೋದು, ಎಷ್ಟರಲ್ಲಿ ಮುಗಿಸೋದು ಅಂತ. ಯಜಮಾನ್ರು ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡ್ತಾರೆ. ಗಾಡಿ ಇಷ್ಟು, ರೂಮು ಇಷ್ಟು, ಎಂಟ್ರಿ ಟಿಕೆಟ್ ಇಷ್ಟು. ಅಲ್ಲೀವರೆಗೂ ಯಾರೂ ಉಸಿರೆತ್ತಲ್ಲ. ‘ಊಟ-ತಿಂಡಿ’ ಅನ್ನೋ ಸಾಲು ಬಂದ ತಕ್ಷಣ ಎಲ್ಲರ ಕಣ್ಣೂ ನಮ್ಮ ಕಡೆ ತಿರುಗತ್ತೆ. “ಕಿಚನ್ ಇರೋ ಹೋಮ್‌ಸ್ಟೇ ತಗೊಂಡ್ರೆ ಇದು ಪೂರ್ತಿ ಉಳಿಯತ್ತೆ ಅಲ್ವಾ?”

ಉಳಿಯತ್ತೆ, ಯಾಕೆ ಉಳಿಯಲ್ಲ? ಮಾಡೋಳಿಗೆ ಸಂಬಳ ಇಲ್ಲ, ರಜಾನೂ ಇಲ್ಲ.

ದುಡ್ಡು ಉಳಿಸೋದು ಬೇಡ ಅಂತ ನಾನು ಹೇಳ್ತಿಲ್ಲ. ಕಾಸಿಗೆ ಕಾಸು ಕೂಡಿಸಿ ಸಂಸಾರ ಮಾಡಿದೋಳು ನಾನು. ಜಯನಗರ ಫೋರ್ತ್ ಬ್ಲಾಕಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡೋದು ನನಗೂ ಬರತ್ತೆ. ನನ್ನ ತಕರಾರು ಏನಂದ್ರೆ, ಟೂರ್ ಬಜೆಟ್ಟಲ್ಲಿ ಕತ್ತರಿ ಯಾವಾಗ್ಲೂ ಒಂದೇ ಕಡೆ ಬೀಳತ್ತೆ. ಹೆಂಗಸರಿಗೆ ಸಿಗಬೇಕಾಗಿದ್ದ ಮೂರು ದಿನದ ವಿಶ್ರಾಂತಿ ಇದೆಯಲ್ಲ, ಅದರ ಮೇಲೆ. ಅದಕ್ಕೆ ‘ಸೇವಿಂಗ್ಸ್’ ಅಂತ ಹೆಸರು ಬೇರೆ.

ಲೆಕ್ಕ ಕೊಡ್ತೀನಿ, ನೋಡಿ. ಹೋದ ವರ್ಷ ಬೇಸಿಗೇಲಿ ನಾವು ಒಂಬತ್ತು ಜನ ಮೂರು ದಿನ ಮಡಿಕೇರಿ ಕಡೆ ಹೋಗಿದ್ವಿ. ಬಜೆಟ್ ಮಾಡಿದ್ದು ಗಂಡಸರು. ನಾನು, ನಮ್ಮ ಅತ್ತಿಗೆ ಇಬ್ಬರೂ ಹಿಂದಿನ ದಿನವೇ ಅಕ್ಕಿ, ಬೇಳೆ, ರವೆ, ಸಾರಿನಪುಡಿ, ಎಣ್ಣೆ, ಐದು ಲೀಟರ್ ಕುಕ್ಕರ್ ಎಲ್ಲಾ ಮೂಟೆ ಕಟ್ಟಿದ್ವಿ. ಅಲ್ಲಿ ಬೆಳಿಗ್ಗೆ ಎಲ್ಲರೂ ಮಂಜು ನೋಡೋಕೆ ಹೋದ್ರೆ ನಾವಿಬ್ಬರೂ ಉಪ್ಪಿಟ್ಟು ಕೆದಕ್ತಾ ಇದ್ವಿ. ರಾಜಾ ಸೀಟಲ್ಲಿ ಸೂರ್ಯ ಮುಳುಗೋ ಹೊತ್ತಿಗೆ “ಬೇಗ ಹೊರಡಿ, ಅನ್ನಕ್ಕಿಡಬೇಕು” ಅಂತ ನಾನೇ ಎಲ್ಲರನ್ನೂ ಎಬ್ಬಿಸಿದ್ದು. ಅಲ್ಲಿ ಪಾತ್ರೆ ತೊಳೆಯೋಕೆ ಯಾರೂ ಬರಲ್ಲ. ನಮ್ಮನೇಲಿ ಕೆಲಸದವರಾದ್ರೂ ಬರ್ತಾರೆ. ಅಂದ್ರೆ ಮನೇಲಿರೋದಕ್ಕಿಂತ ಜಾಸ್ತಿ ಕೆಲಸ ಮಾಡೋಕೆ ಅಂತ ಇನ್ನೂರೈವತ್ತು ಕಿಲೋಮೀಟರ್ ದೂರ ಹೋದ ಹಾಗಾಯ್ತು.

ಉಳಿದಿದ್ದೆಷ್ಟು? ತಿಂಡಿಗೆ ತಲೆಗೆ 80, ಒಂದೂಟಕ್ಕೆ 150 ಅಂತ ಇಟ್ಕೊಳ್ಳಿ. ಒಂಬತ್ತು ಜನಕ್ಕೆ ದಿನಕ್ಕೆ 2,070. ಮೂರು ದಿನಕ್ಕೆ 6,210. ನಾವು ಹೊತ್ಕೊಂಡು ಹೋದ ದಿನಸಿ, ಅಲ್ಲಿ ಕೊಂಡ ತರಕಾರಿ ಹಾಲು ಸೇರಿ 2,000 ಕಳೀರಿ. ಉಳಿದಿದ್ದು 4,210 ರೂಪಾಯಿ.

ಈಗ ಗಾಡಿ ವಿಷಯಕ್ಕೆ ಬನ್ನಿ. ಬಾಡಿಗೆಗೆ ತಗೊಂಡಿದ್ದು ಟಿ.ಟಿ., ಅದೇ ಟೆಂಪೋ ಟ್ರಾವೆಲರ್. ಕಿಲೋಮೀಟರ್‌ಗೆ 22 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಲೆಕ್ಕ. ಗಾಡಿ ಓಡಲಿ ಬಿಡಲಿ, ಮೂರು ದಿನಕ್ಕೆ 900 ಕಿಲೋಮೀಟರ್ ದುಡ್ಡು ಕೊಡ್ಲೇಬೇಕು, ಡ್ರೈವರ್ ಬಾಟಾ, ಟೋಲ್ ಬೇರೆ. ನಾವು ಹೋಗಿ ಬಂದು, ತಲಕಾವೇರಿಗೂ ಹೋಗಿ ಬಂದು, ಎಲ್ಲಾ ಸೇರಿ ಓಡಿದ್ದು 630. ಓಡದೇ ಇರೋ 270 ಕಿಲೋಮೀಟರ್‌ಗೆ ಕೊಟ್ಟಿದ್ದು 5,940 ರೂಪಾಯಿ. ಒಂದು ಇಡೀ ದಿನ ಗಾಡಿ ಹೋಮ್‌ಸ್ಟೇ ಅಂಗಳದಲ್ಲಿ ಹಾಯಾಗಿ ನಿಂತಿತ್ತು. ಆ ಟೂರಲ್ಲಿ ದುಡ್ಡು ತಗೊಂಡು ರೆಸ್ಟ್ ಮಾಡಿದ್ದು ಅದೊಂದೇ.

ಗಾಡಿಯವರನ್ನ ನಾನು ದೂರಲ್ಲ, ಅವರ ರೇಟು ಅವರು ಮೊದಲೇ ಹೇಳಿರ್ತಾರೆ. ನಾನು ಕೇಳೋದು ನಮ್ಮ ಎಕ್ಸೆಲ್ ಪಂಡಿತರನ್ನ. ಮಡಿಕೇರಿಗೆ ಬಸ್ಸಲ್ಲಿ ಹೋಗಿ, ತಲಕಾವೇರಿಗೆ ಅಂತ ಒಂದು ದಿನ ಅಲ್ಲೇ ಜೀಪ್ ಮಾಡ್ಕೊಂಡಿದ್ರೆ ನಮ್ಮ ಉಪ್ಪಿಟ್ಟಿಗಿಂತ ಎಷ್ಟೋ ಪಾಲು ಜಾಸ್ತಿ ಉಳೀತಿತ್ತಲ್ಲ? ಅದು ಯಾಕೆ ಹೊಳೀಲಿಲ್ಲ? ಯಾಕಂದ್ರೆ ಬಸ್ಸಲ್ಲಿ ಹೋದ್ರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಷ್ಟ. ನಾವು ಅಡುಗೆ ಮಾಡಿದ್ರೆ ಇಬ್ಬರಿಗೆ ಮಾತ್ರ ಕಷ್ಟ.

ಇನ್ನೊಂದು ಉಳಿತಾಯ ಇದೆ, ಅದನ್ನ ನೆನೆಸ್ಕೊಂಡ್ರೆ ನನಗೆ ಇದಕ್ಕಿಂತ ಸಿಟ್ಟು. “ರೂಮ್ ಯಾಕೆ, ನಮ್ಮವರ ಮನೆ ಇದೆಯಲ್ಲ.” ದಸರಾ ಬಂತು ಅಂದ್ರೆ ಬೆಂಗಳೂರಿನ ಅರ್ಧ ಜನಕ್ಕೆ ಮೈಸೂರಲ್ಲಿರೋ ನೆಂಟರ ಮೇಲೆ ಪ್ರೀತಿ ಉಕ್ಕತ್ತೆ. ಮೈಸೂರಲ್ಲಿ ನಮ್ಮ ಚಿಕ್ಕಮ್ಮ ಒಬ್ಬರಿದ್ದಾರೆ. ಅರಮನೇಗೆ ಮೂರು ಕಿಲೋಮೀಟರ್ ದೂರ ಅವರ ಮನೆ. ನವರಾತ್ರಿ ಅಂದ್ರೆ ಅವರ ಮನೇಲೂ ಬೊಂಬೆ ಕೂರಿಸಬೇಕು, ದಿನಾ ಆರತಿ, ದಿನಾ ಚರಪು, ಬಂದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ. ಅದರ ಮಧ್ಯೆ ಬೆಂಗಳೂರಿಂದ ಆರು ಜನ, ಅವರು ಹೋಗ್ತಿದ್ದ ಹಾಗೆ ಇನ್ನೈದು ಜನ. ಹಾಸಿಗೆ ಹಾಸಬೇಕು, ಬಿಸಿನೀರು ಕಾಯಿಸಬೇಕು, ಒಬ್ಬರಿಗೆ ಸಕ್ಕರೆ ಇಲ್ಲದ ಕಾಫಿ, ಇನ್ನೊಬ್ಬರಿಗೆ ಬೆಳ್ಳುಳ್ಳಿ ಇಲ್ಲದ ಪಲ್ಯ. ಹೋದ ಸಲ ಮಾತಾಡ್ತಾ ಸುಮ್ಮನೆ ಅಂದ್ರು: “ಮದುವೆಯಾಗಿ ಬಂದು ಮೂವತ್ತೆರಡು ವರ್ಷ ಆಯ್ತು ಕಣೇ, ಜಂಬೂಸವಾರಿ ನಾನು ನೋಡಿರೋದು ಟೀವೀಲೇ.” ನಗ್ತಾನೇ ಅಂದ್ರು. ನನಗೆ ನಗು ಬರಲಿಲ್ಲ.

ಅವರ ಮನೇಲಿ ಇಳ್ಕೊಂಡೋರು ವಾಪಸ್ ಬಂದು “ರೂಮ್ ಬಾಡಿಗೆ ಒಂದು ಪೈಸೆ ಆಗಲಿಲ್ಲ” ಅಂತ ಹೇಳ್ಕೊಳ್ತಾರೆ. ಆಯ್ತು ಕಣ್ರೀ, ಬಾಡಿಗೆ ಆಯ್ತು. ಕೊಟ್ಟೋರು ಚಿಕ್ಕಮ್ಮ. ನೆಂಟರ ಮನೇಗೆ ಹೋಗಲೇಬಾರದು ಅಂತಲ್ಲ, ಹೋಗಿ. ದಸರಾ ಕಳೆದ ಮೇಲೆ ಹೋಗಿ, ಹೋದಾಗ ಅವರನ್ನೂ ಕರ್ಕೊಂಡು ಹೊರಗಡೆ ಊಟ ಮಾಡಿಸಿ. ದಸರಾಕ್ಕೇ ಹೋಗಬೇಕು ಅಂದ್ರೆ ರೂಮ್ ತಗೊಳ್ಳಿ. ದಿನಕ್ಕೆ 7,500 ರೂಪಾಯಿ ಒಳಗಿನ ರೂಮಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಅಷ್ಟಾದ್ರೂ ಸಮಾಧಾನ ಮಾಡ್ಕೊಳ್ಳಿ.

ನಮ್ಮ ಅಜ್ಜಿಯರಿಗೆ ಇದೆಲ್ಲಾ ನಮಗಿಂತ ಚೆನ್ನಾಗಿ ಗೊತ್ತಿತ್ತು ಅನ್ನಿಸತ್ತೆ. ಅವರು ‘ಟೂರ್’ ಅಂತ ಒಂದು ದಿನವೂ ಬಾಯಿ ಬಿಡಲಿಲ್ಲ, ‘ಕ್ಷೇತ್ರ’ ಅಂದ್ರು. ಧರ್ಮಸ್ಥಳ, ಶೃಂಗೇರಿ, ಹೊರನಾಡು. ಭಕ್ತಿ ಇತ್ತು, ಅದು ಸುಳ್ಳಲ್ಲ. ಆದ್ರೆ ಅಲ್ಲಿ ಇನ್ನೊಂದಿತ್ತು ನೋಡಿ. ಪಂಕ್ತಿಯಲ್ಲಿ ಕೂತ್ರೆ ಬೇರೆ ಯಾರೋ ಬಂದು ಬಡಿಸ್ತಾರೆ. ಅನ್ನ, ಸಾರು, ಪಾಯಸ, ಮಜ್ಜಿಗೆ, ಎಲ್ಲಾ ಅವರೇ ತಂದು ಹಾಕ್ತಾರೆ. ವರ್ಷಪೂರ್ತಿ ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದಿದ್ದು ತಿನ್ನೋ ಹೆಂಗಸು ಅಲ್ಲಿ ಎಲ್ಲರ ಜೊತೆ, ಬಿಸಿ ಅನ್ನ ಉಣ್ಣಬಹುದಿತ್ತು. ನಮ್ಮಜ್ಜಿ ಧರ್ಮಸ್ಥಳದಿಂದ ಬಂದ ಮೇಲೆ ದೇವರ ದರ್ಶನದ ಬಗ್ಗೆ ಎರಡು ಮಾತು ಹೇಳಿದ್ರೆ, ಊಟದ ಬಗ್ಗೆ ಇಪ್ಪತ್ತು ಮಾತು ಹೇಳ್ತಿದ್ರು. ಆಗ ನಮಗೆ ತಮಾಷೆ.

ಈಗ ಆ ಕ್ಷೇತ್ರಕ್ಕೇ ಬಸ್ಸಲ್ಲಿ ಹೋದ್ರೆ ಆಡ್ಕೊಳ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿಂದ ನಾನು ಕೇಳಿರೋ ಜೋಕುಗಳು ಒಂದೆರಡಲ್ಲ. “ಬಿಟ್ಟಿ ಬಸ್ಸು ಸಿಕ್ತು ಅಂತ ದೇವಸ್ಥಾನ ಸುತ್ತೋಕೆ ಹೊರಟ್ರು.” ಸುತ್ತಿದ್ರೆ ಏನೀಗ? 2025ರ ಜುಲೈ ಹೊತ್ತಿಗೆ ಆ ಯೋಜನೇಲಿ ಹೆಂಗಸರು ಮಾಡಿದ ಪ್ರಯಾಣ 500 ಕೋಟಿ ಮುಟ್ಟಿತು. ಅದರಲ್ಲಿ ಕೆಲಸಕ್ಕೆ ಹೋಗೋರು, ಕಾಲೇಜಿಗೆ ಹೋಗೋರು, ಆಸ್ಪತ್ರೆಗೆ ಹೋಗೋರು ಎಲ್ಲಾ ಇದ್ದಾರೆ. ಅವರ ಜೊತೆ ವರ್ಷಕ್ಕೊಂದು ಸಲ ಕುಕ್ಕೆಗೆ ಹೋಗೋ ಹೆಂಗಸೂ ಇದ್ರೆ ಯಾರ ಗಂಟು ಹೋಯ್ತು? ನಮ್ಮ ಕಡೆ ಒಬ್ಬರು ಏರ್‌ಪೋರ್ಟ್ ಲೌಂಜಲ್ಲಿ ಕ್ರೆಡಿಟ್ ಕಾರ್ಡ್ ತೋರಿಸಿ ಎರಡು ರೂಪಾಯಿಗೆ ತಿಂಡಿ ತಿಂದಿದ್ದನ್ನ ಸ್ಟೇಟಸ್ ಹಾಕ್ಕೊಂಡಿದ್ರು. ಅದು ಜಾಣತನವಂತೆ. ನಾವು ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡ್ರೆ ಅದು ಬಿಟ್ಟಿ!

ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ. ಕೆಂಪು ಬಸ್ಸು, ಅಂದ್ರೆ ಆರ್ಡಿನರಿ, ಎಕ್ಸ್‌ಪ್ರೆಸ್ ಮಾತ್ರ ಫ್ರೀ. ರಾಜಹಂಸ, ಸ್ಲೀಪರ್, ಏಸಿ ಬಸ್ಸಿಗೆ ದುಡ್ಡು ಕೊಡಬೇಕು. ಮಲೆನಾಡಲ್ಲಿ, ಕರಾವಳಿಯಲ್ಲಿ ಒಳದಾರಿಗೆ ಖಾಸಗಿ ಬಸ್ಸು ಜಾಸ್ತಿ, ಅಲ್ಲಿ ಶಕ್ತಿ ನಡೆಯಲ್ಲ, ಚಿಲ್ಲರೆ ಇಟ್ಕೊಂಡಿರಿ. ಕೆಂಪು ಬಸ್ಸಲ್ಲಿ ರಾತ್ರಿ ಪೂರ್ತಿ ಕೂತ್ರೆ ಸೊಂಟ ನೋಯತ್ತೆ, ಸುಳ್ಳು ಹೇಳಲ್ಲ. ಐವತ್ತು ದಾಟಿದೋರು ಹಗಲು ಬಸ್ಸು ಹಿಡೀರಿ, ಇಲ್ಲ ರೈಲು ನೋಡಿ.

ರೈಲಿನ ವಿಷಯದಲ್ಲಿ ನಮಗೆ ಅನ್ಯಾಯವೂ ಆಗಿದೆ. 58 ದಾಟಿದ ಹೆಂಗಸರಿಗೆ ಅರ್ಧ ದರ ಇತ್ತು, ಗಂಡಸರಿಗೆ 60ಕ್ಕೆ 40 ಪರ್ಸೆಂಟ್ ಕಡಿತ. 2020ರ ಮಾರ್ಚಲ್ಲಿ ಕೊರೊನಾ ಅಂತ ನಿಲ್ಲಿಸಿದ್ರು. ಕೊರೊನಾ ಹೋದ್ರೂ ರಿಯಾಯಿತಿ ವಾಪಸ್ ಬರಲಿಲ್ಲ. ಸ್ವಂತ ಸಂಪಾದನೆ ಇಲ್ಲದ ಹೆಂಗಸಿಗೆ ಆ ಅರ್ಧ ಟಿಕೆಟ್ ಅಂದ್ರೆ ಯಾರನ್ನೂ ಕೇಳದೆ ಮಗಳ ಮನೇಗೆ ಹೋಗಿ ಬರೋ ಧೈರ್ಯ. ಟೀವಿ ಚರ್ಚೇಲಿ ಕೂಗಾಡೋರು ಇದನ್ನ ಒಂದು ದಿನ ಕೂಗಬಾರದಾ? ಒಂದು ಮಾತ್ರ ಉಳಿದಿದೆ: 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ. ಒಬ್ಬರೋ ಇಬ್ಬರೋ ಬುಕ್ ಮಾಡುವಾಗ ಅದನ್ನ ಕೇಳಿ ತಗೊಳ್ಳಿ. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯತ್ತೆ, 2024ರ ನವೆಂಬರ್‌ವರೆಗೆ 120 ದಿನ ಇತ್ತು. ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ.

“ಹೋಟೆಲ್ ಊಟ ಹೊಟ್ಟೆ ಕೆಡಿಸತ್ತೆ” ಅಂತ ನಮ್ಮ ಅತ್ತೆಯವರ ವಾದ. ಎಳೇ ಮಗು ಇರೋರು, ಸಕ್ಕರೆ ಕಾಯಿಲೆ ಇರೋರು, ಮಡಿ ಇರೋರು, ಅವರ ಮಾತೇ ಬೇರೆ, ಒಪ್ಪಿದೆ. ದಾರಿಗೆ ಅಂತ ಚಪಾತಿ, ಚಟ್ನಿಪುಡಿ, ಹುಳಿಯವಲಕ್ಕಿ ಕಟ್ಕೊಂಡು ಹೋಗೋದಕ್ಕೂ ನನ್ನ ಅಡ್ಡಿ ಇಲ್ಲ. ರೈಲಲ್ಲಿ ಡಬ್ಬಿ ಬಿಚ್ಚೋ ಸುಖವೇ ಸುಖ. ಆದ್ರೆ ಅದು ಒಂದು ಹೊತ್ತಿನ ಬುತ್ತಿ. ಮೂರು ದಿನದ ಅಡುಗೆಮನೆ ಬೇರೆ. ನಿಜವಾಗ್ಲೂ ಕೈ ಬಿಗಿ ಇದೆ ಅನ್ನೋರಿಗೂ ಒಂದು ದಾರಿ ಇದೆ. ಮೂರು ದಿನ ಹೋಗೋ ಕಡೆ ಎರಡೇ ದಿನ ಹೋಗಿ. ಒಂದು ದಿನದ ಗಾಡಿ, ರೂಮು ಉಳಿದ್ರೆ ಮಿಕ್ಕ ಎರಡು ದಿನ ಎಲ್ಲರೂ ಕೂತು ತಿನ್ನಬಹುದು.

ನಮ್ಮಲ್ಲೇ ಕೆಲವರು “ಮೂರು ದಿನ ಹೋಟೆಲ್ ಮೆಟ್ಟಿಲು ಹತ್ತಲಿಲ್ಲ, ಎಲ್ಲಾ ನಾನೇ ಮಾಡಿದೆ” ಅಂತ ಹೆಮ್ಮೆಯಿಂದ ಹೇಳ್ಕೊಳ್ತೀರಲ್ಲ, ಅದನ್ನ ದಯವಿಟ್ಟು ನಿಲ್ಲಿಸಿ. ನೀವು ಹೆಮ್ಮೆಪಟ್ಟಷ್ಟೂ ಪಕ್ಕದ ಮನೆ ಸೊಸೆ ತಲೆ ಮೇಲೆ ಕುಕ್ಕರ್ ಬಂದು ಕೂರತ್ತೆ. “ಅವರು ಮಾಡಲಿಲ್ವಾ, ನಿನಗೇನು?” ಅಂತ.

ನಮ್ಮ ಕೈಲಿರೋ ದೊಡ್ಡ ಉಳಿತಾಯ ಯಾವುದು ಗೊತ್ತಾ? ವಾರದ ಮಧ್ಯ. ಮನೇಲಿರೋ ನಮಗೆ, ರಿಟೈರ್ ಆದೋರಿಗೆ ಸೋಮವಾರ ಆಫೀಸಿಲ್ಲ. ಲಾಂಗ್ ವೀಕೆಂಡಲ್ಲಿ ಖಾಸಗಿ ಬಸ್ಸಿನವರು ಎರಡರಷ್ಟು ಕೇಳ್ತಾರೆ, ರೂಮಿನವರು ಬಾಯಿಗೆ ಬಂದಷ್ಟು ಹೇಳ್ತಾರೆ. ಅದೇ ಮಂಗಳವಾರ, ಬುಧವಾರ ಹೋದ್ರೆ ರೂಮಿನವರೇ ಬನ್ನಿ ಅಂತ ಕರೀತಾರೆ. ಮೈಸೂರಿಗೆ ಹೋಗೋದಾದ್ರೆ ಮಂಗಳವಾರ ಬೇಡ, ಅವತ್ತು ಝೂ ಇರಲ್ಲ. ಇಷ್ಟು ದಿನ ನಾವು ದುಬಾರಿ ದಿನ ಹೋಗಿದ್ದು ಗಂಡಂದಿರ ರಜಾಕ್ಕೆ, ಮಕ್ಕಳ ಸ್ಕೂಲಿಗೆ ಹೊಂದಿಸಿಕೊಂಡು. ವರ್ಷಕ್ಕೊಂದು ಸಲ ಅವರನ್ನ ಮನೇಲೇ ಬಿಟ್ಟು ಹೋಗೋಣ. ಎರಡು ದಿನ ಅನ್ನಕ್ಕೆ ನೀರು ಎಷ್ಟು ಅಂತ ಫೋನ್ ಮಾಡಿ ಕೇಳಲಿ, ಹೇಳಿದ್ರಾಯ್ತು.

ನಾವು ಐದು ಜನ ಶಾಲೆ ಶುರುವಾದ ಮೇಲಿನ ಒಂದು ಬುಧವಾರ ಶೃಂಗೇರಿ, ಅಲ್ಲಿಂದ ಹೊರನಾಡು ಅಂತ ಮಾತಾಡ್ಕೊಂಡಿದ್ದೀವಿ. ಹಗಲು ಬಸ್ಸು. ಮೈಸೂರಿನ ಚಿಕ್ಕಮ್ಮನೂ ಬರ್ತಾರೆ, ಅವರ ರೂಮಿನ ಪಾಲು ನಮ್ಮೆಲ್ಲರದು. ಇನ್ನಿಬ್ಬರಿಗೆ ಜಾಗ ಇದೆ. ಬರೋರು ಶುಕ್ರವಾರದೊಳಗೆ ಹೇಳಿ. ಒಂದು ಸೀರೆ ಜಾಸ್ತಿ ತನ್ನಿ, ಛತ್ರಿ ತನ್ನಿ, ಆಧಾರ್ ಮರೀಬೇಡಿ. ಸೌಟು ತಂದೋರನ್ನ ಮೆಜೆಸ್ಟಿಕ್ಕಲ್ಲೇ ಇಳಿಸಿಬಿಡ್ತೀನಿ.