ಬಡತನಕ್ಕೆ ಸರ್ಟಿಫಿಕೇಟ್ ಇದೆ, ಪ್ರಬಂಧಕ್ಕೆ ಬೇರೆಯದೇ ಬೇಕು

ನಮ್ಮಲ್ಲಿ ಸ್ಕಾಲರ್‌ಶಿಪ್ ಎಂದರೆ ನಾಡಕಚೇರಿ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಸೈಬರ್ ಅಂಗಡಿಯ ಸಾಲು. ಕಾಗದ ಸರಿಯಿದ್ದರೆ ಅರ್ಜಿ ಮುಂದಕ್ಕೆ, ಇಲ್ಲದಿದ್ದರೆ ವಾಪಸು. ಈ ಅಭ್ಯಾಸದಲ್ಲೇ ಬೆಳೆದ ಮಕ್ಕಳು ಪ್ರಬಂಧ ಕೇಳುವ ವಿದ್ಯಾರ್ಥಿವೇತನಕ್ಕೂ ಹಾಗೆಯೇ ಅರ್ಜಿ ಹಾಕುತ್ತಾರೆ. ಕೊನೆಯ ದಿನದ ಹಿಂದಿನ ರಾತ್ರಿ ಕೂತು ‘ನಾನು ಬಡ ಕುಟುಂಬದಲ್ಲಿ ಹುಟ್ಟಿದೆ’ ಎಂದು ಶುರು ಮಾಡಿ, ‘ಅವಕಾಶ ಕೊಟ್ಟರೆ ಚಿರಋಣಿ’ ಎಂದು ಮುಗಿಸುತ್ತಾರೆ. ಇಂಥವನ್ನು ನಾವು ಬೇಕಾದಷ್ಟು ಓದಿದ್ದೇವೆ. ಹೆಸರು ಮುಚ್ಚಿಟ್ಟರೆ ಬರೆದವರು ಯಾರೆಂದೇ ಗೊತ್ತಾಗುವುದಿಲ್ಲ.

ಕೇಂದ್ರ ಸರಕಾರ 2022ರಲ್ಲಿ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸಿತು. ಒಂದರಿಂದ ಎಂಟನೇ ತರಗತಿವರೆಗಿನ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವೂ ಆ ವರ್ಷವೇ ನಿಂತಿತು. ಅದನ್ನು ಕೇಳಬೇಕಾದವರ ಹತ್ತಿರ ಕೇಳುತ್ತಲೇ ಇರೋಣ. ಆದರೆ ಉಳಿದಿರುವ ದೊಡ್ಡ ಬಾಗಿಲುಗಳಲ್ಲಿ ಕೆಲವು ಪ್ರಬಂಧದ ಮೂಲಕವೇ ತೆರೆಯುವಂಥವು. ಬ್ರಿಟಿಷ್ ಸರಕಾರದ ಚೀವ್ನಿಂಗ್ ಅಂಥದ್ದೊಂದು: ಒಂದು ವರ್ಷದ ಸ್ನಾತಕೋತ್ತರ ಓದು, ಅದಕ್ಕೆ ಮೊದಲು 2,800 ಗಂಟೆಗಳ ಕೆಲಸದ ಅನುಭವ, ನಾಲ್ಕು ಪ್ರಬಂಧ. ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶಕ್ಕೆ ಮರಳಿರಬೇಕು. ಅಲ್ಲಿಂದ ನೇರ ದುಬೈ ವಿಮಾನ ಹತ್ತುವ ಲೆಕ್ಕ ಹಾಕಿದವರು ಇದನ್ನು ಮೊದಲೇ ನೋಡಿಕೊಳ್ಳಲಿ.

ಇದು ನಮ್ಮ ಕರಾವಳಿಯ ಮಕ್ಕಳ ಕತೆ ಮಾತ್ರ ಅಲ್ಲ. ಬೆಳಗಾವಿ ಕಡೆ ಮೂಡಲಗಿ ತಾಲ್ಲೂಕಿನ ನಾಗನೂರಲ್ಲಿ ಒಬ್ಬ ಹುಡುಗಿ ಇದ್ದಾಳೆ ಅಂತಿಟ್ಟುಕೊಳ್ಳಿ. ಅಪ್ಪನದು ಎರಡೆಕರೆ ಕಬ್ಬು, ಅವಳದು ಸಿವಿಲ್ ಇಂಜಿನಿಯರಿಂಗ್, ಈಗ ಕೆಲಸದಲ್ಲಿದ್ದಾಳೆ. ನೀರಿನ ನಿರ್ವಹಣೆ ಓದಬೇಕು. ಅವಳೂ ‘ಬಡ ರೈತನ ಮಗಳು’ ಎಂದೇ ಬರೆಯಲು ಕೂರುತ್ತಾಳೆ. ಪೆನ್ನು ಹಿಡಿಯುವ ಮೊದಲು ಒಂದು ಸಂಜೆ ಅಪ್ಪನ ಜೊತೆ ಕೂತರೆ ಚಿತ್ರವೇ ಬೇರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪೇಟೆಗೇ ನೀರು ನುಗ್ಗಿತ್ತಲ್ಲ. “ಅಪ್ಪಾ, ಆ ವರ್ಷ ನಮ್ಮ ಕಡೆ ಯಾರ‍್ಯಾರ ಕಬ್ಬು ನೀರಾಗ ನಿಂತಿತ್ತು? ಎಷ್ಟ ದಿನಾ?” ಎಂದು ಕೇಳಬೇಕು. ಪರಿಹಾರದ ಅರ್ಜಿ ತುಂಬಲು ಬಾರದೆ ತನ್ನ ಹತ್ತಿರ ಬಂದವರು ಎಷ್ಟು ಮನೆಯವರು ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ನಾಯಕತ್ವದ ಪ್ರಬಂಧ ಕೇಳುವುದು ಇದನ್ನೇ. ನಮ್ಮವರು ಲೀಡರ್ ಎಂದರೆ ಕಾಲೇಜು ಯೂನಿಯನ್ ಅಧ್ಯಕ್ಷ ಎಂದುಕೊಂಡು ‘ನನ್ನದೇನೂ ಇಲ್ಲ’ ಎಂದು ಸುಮ್ಮನಾಗುತ್ತಾರೆ.

ಇಲ್ಲೂ ಹಾಗೆಯೇ. ಬೀಡಿ ಕಟ್ಟಿ ಓದಿಸಿದ ಉಮ್ಮನ ಬಗ್ಗೆ ಮಕ್ಕಳು ಕಣ್ಣೀರಿನ ಸಾಲು ಬರೆಯುತ್ತಾರೆ. ಆ ಬೀಡಿ ಲೆಕ್ಕದ ಪುಸ್ತಕ ಬರೆದವರು ತಾವೇ ಎಂಬುದನ್ನು ಮರೆಯುತ್ತಾರೆ. ಬಡತನ ತಹಶೀಲ್ದಾರರ ಸಹಿಯಲ್ಲಿ ಸಾಬೀತಾಗುತ್ತದೆ. ನೀವು ಏನು ಮಾಡಿದಿರಿ ಎಂಬುದಕ್ಕೆ ನಿಮ್ಮ ಬಿಟ್ಟು ಬೇರೆ ಸಾಕ್ಷಿ ಇಲ್ಲ.

ಪ್ರಶ್ನೆಯನ್ನು ಕನ್ನಡದಲ್ಲಿ ಬಿಡಿಸಿ ಬರೆದುಕೊಳ್ಳಿ. ಒಂದೇ ಸಾಲಿನಲ್ಲಿ ಮೂರು ಸಂಗತಿ ಕೇಳಿರುತ್ತಾರೆ, ಎರಡಕ್ಕೆ ಉತ್ತರಿಸಿ ಮೂರನೆಯದನ್ನು ಬಿಟ್ಟವರೇ ಜಾಸ್ತಿ. ಸೇರಬೇಕೆಂದಿರುವ ಕೋರ್ಸಿನಲ್ಲಿ ಯಾವ ಪಾಠ ಇದೆ ಎಂದು ಓದಿ, ಅದರಲ್ಲಿ ನಿಮ್ಮೂರಿಗೆ ಬೇಕಾದ್ದು ಯಾವುದೆಂದು ಗುರುತು ಹಾಕಿ. ಶಿಫಾರಸು ಕೊಡುವ ಮೇಷ್ಟ್ರನ್ನು ಈಗಲೇ ಕಂಡು ಬನ್ನಿ.

ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗುತ್ತದೆ. ನೋಟ್‌ಬುಕ್ ತೆರೆಯಲು ಆಗಸ್ಟ್‌ವರೆಗೆ ಕಾಯಬೇಡಿ.